ಮಂಚದ ಮೇಲೆ ಎರಡು ಅಕ್ಕಿ ಮೂಟೆ

ಮೂರು ವರ್ಷಗಳಲ್ಲಿ ನನ್ನ ಎಡಗಾಲಿನ ಹ್ಯಾಮ್‌ಸ್ಟ್ರಿಂಗ್, ಅಂದರೆ ತೊಡೆಯ ಹಿಂದಿನ ಸ್ನಾಯು, ನಾಲ್ಕು ಸಲ ಹರಿಯಿತು. ನಾಲ್ಕನೆಯ ಸಲ ಮೈಸೂರಿನ ಚಾಮುಂಡಿ ವಿಹಾರ ಕ್ರೀಡಾಂಗಣದಲ್ಲಿ, 200 ಮೀಟರ್ ಓಟದ ತಿರುವು ದಾಟುತ್ತಿದ್ದೆ. ಮುಂದೆ ಚಾಚಿದ ಪಾದ ಇನ್ನೂ ನೆಲ ಮುಟ್ಟಿರಲಿಲ್ಲ, ತೊಡೆಯ ಹಿಂಭಾಗಕ್ಕೆ ಚಾಟಿಯಿಂದ ಬಾರಿಸಿದಂತಾಯಿತು. ‘ಬಿಗಿತ ಜಾಸ್ತಿ, ಇನ್ನಷ್ಟು ಸ್ಟ್ರೆಚ್ ಮಾಡು’ ಎಂದರು ಜೊತೆಗಾರರೆಲ್ಲ. ಪಶ್ಚಿಮೋತ್ತಾನಾಸನದಲ್ಲಿ ನನ್ನ ಹಣೆ ಮಂಡಿಗೆ ತಾಗುತ್ತಿತ್ತು! ಮಾಲೀಸು, ಫಿಸಿಯೋ, ಫೋಮ್ ರೋಲರ್ ಎಂದು ಹದಿನೆಂಟು ಸಾವಿರ ರೂಪಾಯಿಯಾದರೂ ಕೈಬಿಟ್ಟಿರಬೇಕು.

ಚಾಚಿದ ಕಾಲನ್ನು ತಡೆಹಿಡಿಯುವ ಬಲವೇ ಸಾಲದು ಎಂದು ತೋಚಿ ನಾರ್ಡಿಕ್ ವ್ಯಾಯಾಮ ಹಿಡಿದೆ: ಪಾದ ಸಿಕ್ಕಿಸಿ ಮಂಡಿಯೂರಿ, ಮೈಯನ್ನು ತಡೆದು ತಡೆದು ಮುಂದಕ್ಕೆ ನೆಲದತ್ತ ಇಳಿಸುವುದು. ಮೊದಲ ದಿನವೇ ಹತ್ತರಂತೆ ಮೂರು ಸೆಟ್ ಮಾಡಿ, ನಾಲ್ಕು ದಿನ ಬಗ್ಗಿ ಶೂ ಲೇಸು ಕಟ್ಟಲಾಗಲಿಲ್ಲ. ಎರಡನೆಯ ವಾರ ಪಾದ ಸಿಕ್ಕಿಸಿದ್ದ ಕಬ್ಬಿಣದ ಮಂಚವೇ ಎದ್ದು ಬಂತು. ಗದ್ದಕ್ಕೆ ಎರಡು ಹೊಲಿಗೆ. ಮಂಚದ ಮೇಲೆ 25 ಕಿಲೋದ ಎರಡು ಅಕ್ಕಿ ಮೂಟೆ ಹೇರಿದ ಮೇಲೆ ಅದು ಅಲುಗಾಡಲಿಲ್ಲ. ಮಂಡಿಯಡಿ ಮಡಿಸಿದ ಕಂಬಳಿ, ವಾರಕ್ಕೆ ಎರಡು ದಿನ, ನಾಲ್ಕೈದರಂತೆ ಎರಡೇ ಸೆಟ್. ಎರಡು ತಿಂಗಳಿಗೆ ಅರ್ಧದವರೆಗೆ ತಡೆದೆ. ಐದನೆಯ ತಿಂಗಳಲ್ಲಿ ಮೂಗಿಗೂ ನೆಲಕ್ಕೂ ಒಂದು ಗೇಣು ಉಳಿಯುವವರೆಗೆ ಕೈಯೂರಲಿಲ್ಲ. ಜೊತೆಗೆ ಮಾಡುತ್ತಿದ್ದ ರೊಮೇನಿಯನ್ ಡೆಡ್‌ಲಿಫ್ಟ್ (ಸೊಂಟದಿಂದ ಬಗ್ಗಿ ಭಾರ ಎತ್ತುವುದು) 40 ಕಿಲೋದಿಂದ 85ಕ್ಕೆ ಏರಿತು.

ನಡುವೆ ಮಳೆಗಾಲದಲ್ಲಿ ಇದೆಲ್ಲವನ್ನೂ ಆರು ವಾರ ನಿಲ್ಲಿಸಿ ಒಂದು ಪ್ರಯೋಗ ಮಾಡಿದೆ. ಬಲಗಾಲಿಗೆ ಬರೀ ಸ್ಟ್ರೆಚ್. ಎಡಗಾಲಿಗೆ ನಮ್ಮ ಮನೆಯ ಕೆಂಪು ಗಾರೆ ನೆಲದ ಮೇಲೆ ಅಂಗಾತ ಮಲಗಿ, ಹಿಮ್ಮಡಿಯಡಿ ಹಳೆಯ ಟವೆಲ್ ಇಟ್ಟು ಕಾಲನ್ನು ಮಡಿಸಿ ಚಾಚಿ ಜಾರಿಸುವ ಕರ್ಲ್. ಒಂಟಿ ಕಾಲಿನ ಬ್ರಿಡ್ಜ್ (ಮಲಗಿ ಒಂದೇ ಕಾಲೂರಿ ಸೊಂಟ ಎತ್ತುವುದು) ಎಡಕ್ಕೆ ಹನ್ನೊಂದು ಸಲದಿಂದ ಇಪ್ಪತ್ತೆರಡರ ಹತ್ತಿರ ಹೋಯಿತು, ಬಲಕ್ಕೆ ಒಂದೋ ಎರಡೋ ಹೆಚ್ಚಿತು. ಅಚ್ಚರಿಯೆಂದರೆ, ಮಲಗಿ ನೇರವಾಗಿ ಎತ್ತಿದಾಗ ಎರಡು ಕಾಲೂ ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ಬಂದವು. ಸ್ಟ್ರೆಚ್ ಕೊಡುವ ಸಡಿಲವನ್ನು ಕರ್ಲ್ ಕೂಡ ಕೊಟ್ಟಿತ್ತು, ಬಲವನ್ನೂ ಸೇರಿಸಿ.

ಹಾಗೆಂದು ಸ್ಟ್ರೆಚ್ ಬಿಟ್ಟಿಲ್ಲ. ಓಟಕ್ಕೆ ಮೊದಲು ಕಾಲು ಬೀಸುವುದಷ್ಟೇ. ಹಿಡಿದು ನಿಲ್ಲುವುದೆಲ್ಲ ಸಂಜೆ, ಬಿಸಿನೀರಿನ ಸ್ನಾನದ ನಂತರ. ವಾರಕ್ಕೊಮ್ಮೆ ಪೂರ್ತಿ ವೇಗದ ಓಟ ತಪ್ಪಿಸುವುದಿಲ್ಲ. ಸ್ಪರ್ಧೆಯ ವಾರದಲ್ಲಿ ನಾರ್ಡಿಕ್ ಯಾವ ದಿನ, ಎಷ್ಟು ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ಪೆಟ್ಟು ತಿಂದು ಕಲಿತ ಲೆಕ್ಕ.

ಒಂದೂವರೆ ವರ್ಷದಿಂದ ಕಾಲು ಹರಿದಿಲ್ಲ. ನಲವತ್ತೊಂದರ ವಯಸ್ಸಿನಲ್ಲಿ ನನ್ನ 200 ಮೀಟರ್ ಸುಮಾರು 27.4ರಿಂದ 26.6 ಸೆಕೆಂಡಿಗೆ ಇಳಿದಿದೆ. ಅಂದು ಸ್ಟ್ರೆಚ್ ಮಾಡು ಎಂದವರಲ್ಲಿ ಇಬ್ಬರು ಈಗ ಭಾನುವಾರ ನಮ್ಮ ಮನೆಗೇ ಬರುತ್ತಾರೆ. ಒಬ್ಬರ ತೂಕ 90 ಕಿಲೋ. ಮಂಚಕ್ಕೆ ಮೂರನೆಯ ಮೂಟೆ ಹೇರಿದ್ದೇನೆ.