ಮೊದಲ ಹಾಫ್ ಮ್ಯಾರಥಾನಿಗೆ ಸಿದ್ಧರಾಗುವವರಿಗೆ ನಂಬಿಕೆಯ ಬಲ

ಸಾಮಾನ್ಯವಾಗಿ ಫೆಬ್ರವರಿಯಲ್ಲಿ ನಡೆಯುವ ಮಣಿಪಾಲ ಮ್ಯಾರಥಾನಿನಲ್ಲಿ ಹಾಫ್ ಮ್ಯಾರಥಾನ್, ಅಂದರೆ 21.0975 ಕಿಲೋಮೀಟರ್, ಓಡುವೆನೆಂದು ಮೊದಲ ಬಾರಿಗೆ ಹೆಸರು ಕೊಡುವವರನ್ನು ಕಾಲುನೋವಿಗಿಂತ ಮೊದಲು ಕಾಡುವುದು ಅಂಜಿಕೆ. ನಡುದಾರಿಯಲ್ಲಿ ಉಸಿರು ಕಟ್ಟಿದರೆ ಏನು ಗತಿ, ಎಲ್ಲರಿಗಿಂತ ಹಿಂದೆ ಉಳಿದರೆ ಮುಖ ತೋರಿಸುವುದು ಹೇಗೆ, ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತೇ ಎಂದು ನೆರೆಹೊರೆಯವರು ಕೇಳಿದರೆ ಏನು ಹೇಳುವುದು ಎಂಬ ಯೋಚನೆಗಳು ಬೆಳಗಿನ ಜಾವ ಐದಕ್ಕೆ ಎದ್ದು ಬೂಟು ಕಟ್ಟಿಕೊಳ್ಳುವ ಹೊತ್ತಿಗೇ ಬಂದು ಕೂರುತ್ತವೆ. ದೇವರನ್ನು ನಂಬುವವರು ಇದನ್ನು ಎದುರಿಸುವ ಧೈರ್ಯವನ್ನು ಆ ನಂಬಿಕೆಯಿಂದಲೇ ಪಡೆಯಬಹುದು. ಆದರೆ ಓಟದ ದಿನ ಒಮ್ಮೆ ಕೈಮುಗಿದರೆ ಅದು ಸಿಗುವುದಿಲ್ಲ. ಅಭ್ಯಾಸದ ಪ್ರತಿದಿನದೊಳಗೆ ಅದಕ್ಕೊಂದು ಸ್ಥಾನ ಕೊಡಬೇಕು.

ಅಭಯವೆಂದರೆ ಏನೆಂದು ತುಳುನಾಡಿನವರಿಗೆ ವಿವರಿಸಿ ಹೇಳಬೇಕಾಗಿಲ್ಲ. ದೈವಾರಾಧನೆಯ ಸೇವೆಯಾದ ನೇಮದಲ್ಲಿ ದೈವವು ಅಭಯದ ನುಡಿ ಕೊಟ್ಟ ಮೇಲೆ ಮನೆಯವರು ಕೈಕಟ್ಟಿ ಕೂರುವುದಿಲ್ಲ. ಗದ್ದೆಯ ಕೆಲಸ, ಕೋರ್ಟಿನ ಓಡಾಟ, ಆಸ್ಪತ್ರೆಯ ಚಿಕಿತ್ಸೆ ಎಲ್ಲವೂ ಮೊದಲಿನಂತೆಯೇ ನಡೆಯುತ್ತವೆ, ಕಡಿಮೆಯಾಗುವುದು ಅವನ್ನು ಮಾಡುವವರ ಎದೆಯ ಭಾರ ಮಾತ್ರ. ಓಟದ ಅಭ್ಯಾಸದಲ್ಲಿಯೂ ನಂಬಿಕೆಯಿಂದ ಇಷ್ಟನ್ನೇ ಬೇಡುವುದು ಸರಿಯೆಂದು ನಾನು ತಿಳಿದಿದ್ದೇನೆ. ಆದ್ದರಿಂದ ಮಳೆಗಾಲ ಮುಗಿದು ನವರಾತ್ರಿ ಬಂದಾಗ, ವಿಜಯದಶಮಿಯಂದು ದೇವರ ಮುಂದೆ ಸಂಕಲ್ಪ ಮಾಡಿ ಆರಂಭಿಸಿರಿ. ಅಲ್ಲಿಂದ ಫೆಬ್ರವರಿಯವರೆಗೆ ಸುಮಾರು 16 ವಾರಗಳು ಸಿಗುತ್ತವೆ. ಸಂಕಲ್ಪದ ಮಾತು ನಿಮ್ಮ ಕೈಯಲ್ಲಿರುವ ಕೆಲಸದ ಬಗ್ಗೆ ಇರಲಿ: ‘ವಾರಕ್ಕೆ ನಾಲ್ಕು ದಿನ ತಪ್ಪದೆ ಹೊರಡುತ್ತೇನೆ’ ಎನ್ನಿರಿ, ‘ಇಷ್ಟು ಗಂಟೆಯೊಳಗೆ ಮುಗಿಸುತ್ತೇನೆ’ ಎನ್ನಬೇಡಿರಿ. ಹರಕೆ ಹೊರುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಓಟ ಪೂರೈಸಿದರೆ ಹೂವಿನ ಪೂಜೆಯನ್ನೋ ತುಲಾಭಾರವನ್ನೋ ಮಾಡಿಸುತ್ತೇನೆಂದು ಹರಕೆ ಹೊತ್ತವರು, ಮೊಣಕಾಲು ಊದಿಕೊಂಡಾಗಲೂ ಹರಕೆ ತಪ್ಪೀತೆಂಬ ಭಯದಿಂದ ಓಡುತ್ತಲೇ ಇರುವ ಅಪಾಯವಿದೆ. ಧೈರ್ಯಕ್ಕಾಗಿ ಹೊತ್ತ ಹರಕೆಯೇ ಹೊಸ ಭಯವಾಗಬಾರದು.

ಇನ್ನು ಉಸಿರಿನ ವಿಷಯ. ಹೊಸಬರ ಅಂಜಿಕೆಯಲ್ಲಿ ಹೆಚ್ಚಿನ ಪಾಲು ಉಸಿರಾಟದ್ದೇ ಆಗಿರುವುದರಿಂದ ಇದನ್ನು ವಿವರವಾಗಿ ಹೇಳಬೇಕು. ಉಡುಪಿಯ ಶ್ರೀಕೃಷ್ಣ ಮಠದಲ್ಲಿ ಮುಖ್ಯಪ್ರಾಣನ, ಅಂದರೆ ವಾಯುದೇವರ, ಸನ್ನಿಧಿಯಿದೆ. ಹನುಮ, ಭೀಮ, ಮಧ್ವ ಈ ಮೂವರೂ ವಾಯುವಿನ ಅವತಾರಗಳೆಂಬುದು ಮಾಧ್ವ ಸಂಪ್ರದಾಯದ ನಂಬಿಕೆ. ಬಲ, ಧೈರ್ಯ, ಉಸಿರು ಮೂರಕ್ಕೂ ಒಬ್ಬನೇ ದೇವತೆಯನ್ನು ನೆನೆಯುವ ಊರಿನಲ್ಲಿ ಓಡುವವರು ಆ ನೆನಪನ್ನು ಅಭ್ಯಾಸಕ್ಕೆ ತಂದುಕೊಳ್ಳುವುದು ಸಹಜವೇ ಆಗಿದೆ. ಕ್ರಮ ಹೀಗಿದೆ: ನಿಮಗೆ ಬಾಯಿಪಾಠವಿರುವ ಒಂದು ನಾಮವನ್ನೋ ಒಂದು ಸಾಲಿನ ಪ್ರಾರ್ಥನೆಯನ್ನೋ ಆರಿಸಿಕೊಂಡು, ಓಡುತ್ತಿರುವಾಗ ನಿಮಗೆ ಕೇಳಿಸುವಷ್ಟು ಸ್ವರದಲ್ಲಿ ಹೇಳಿರಿ. ಕ್ರೈಸ್ತರು ಜಪಸರದ ಪ್ರಾರ್ಥನೆಯನ್ನು, ಮುಸ್ಲಿಮರು ದೇವರ ನಾಮಸ್ಮರಣೆಯಾದ ದಿಕ್ರ್ ಅನ್ನು ಹೀಗೆಯೇ ಹೇಳಿಕೊಳ್ಳಬಹುದು. ಸಾಲು ತುಂಡಾಗದೆ ಪೂರ್ತಿ ಬಂದರೆ ನಿಮ್ಮ ವೇಗ ಸರಿಯಾಗಿದೆ. ನಡುವೆ ಏದುಸಿರು ಬಂದು ಮಾತು ಕಡಿದುಹೋದರೆ ವೇಗ ಹೆಚ್ಚಾಗಿದೆ, ನಿಧಾನಿಸಬೇಕು. ಓಟಗಾರರಿಗೆ ತರಬೇತಿ ನೀಡುವವರೂ ಮಾತನಾಡಲು ಸಾಧ್ಯವಾಗುವ ವೇಗದಲ್ಲಿಯೇ ಹೆಚ್ಚಿನ ಓಟ ನಡೆಯಬೇಕೆನ್ನುತ್ತಾರೆ, ಏಕೆಂದರೆ ಹೃದಯಕ್ಕೂ ಸ್ನಾಯುಗಳಿಗೂ ದೀರ್ಘಕಾಲ ದುಡಿಯುವ ಶಕ್ತಿ ಬರುವುದು ಆ ವೇಗದಲ್ಲಿ. ಉಡುಪಿಯಿಂದ ಮಣಿಪಾಲದ ಏರು ಹತ್ತುವಾಗ ನಾಮ ಕಡಿದುಹೋಗುವುದು ಖಂಡಿತ. ಆಗ ಸಂಕೋಚಪಡದೆ ನಡೆಯಿರಿ. ನಾಮ ಮತ್ತೆ ಸರಾಗವಾಗಿ ಬಂದಾಗ ಮತ್ತೆ ಓಡಿರಿ. ಉಸಿರು ಕಟ್ಟುವುದು ಕೇಡಿನ ಸೂಚನೆಯಲ್ಲ, ನಿಧಾನಿಸಿದರೆ ಸರಿಹೋಗುತ್ತದೆ ಎಂಬುದು ದೇಹಕ್ಕೆ ಅನುಭವದಿಂದ ತಿಳಿದ ಮೇಲೆ ಅರ್ಧ ಅಂಜಿಕೆ ತಾನಾಗಿ ಇಳಿಯುತ್ತದೆ.

ವಾರದ ನಾಲ್ಕು ದಿನಗಳಲ್ಲಿ ಮೂರು ದಿನ ಚಿಕ್ಕ ಓಟ, ಭಾನುವಾರ ಉದ್ದನೆಯ ಓಟ. ಉದ್ದನೆಯ ಓಟವನ್ನು ಐದು ಕಿಲೋಮೀಟರಿನಿಂದ ಆರಂಭಿಸಿ ವಾರಕ್ಕೆ ಒಂದರಿಂದ ಒಂದೂವರೆ ಕಿಲೋಮೀಟರಿನಂತೆ ಏರಿಸಿ, ಪ್ರತಿ ನಾಲ್ಕನೆಯ ವಾರ ತುಸು ಇಳಿಸಿ, ಕೊನೆಯ ಎರಡು ವಾರಗಳಿಗೆ ಮೊದಲು 16ರಿಂದ 18 ಕಿಲೋಮೀಟರಿಗೆ ತಲುಪಿದರೆ ಸಾಕು. ಆ ಕೊನೆಯ ಎರಡು ವಾರ ವಿಶ್ರಾಂತಿಗೆ ಸೇರಿದ್ದು. ಉಡುಪಿಯ ಅಜ್ಜರಕಾಡಿನ ಕ್ರೀಡಾಂಗಣ, ಮಂಗಳೂರಿನ ಮಂಗಳಾ ಕ್ರೀಡಾಂಗಣ ಚಿಕ್ಕ ಓಟಗಳಿಗೆ ಅನುಕೂಲ. ಮಲ್ಪೆಯಲ್ಲೋ ತಣ್ಣೀರುಬಾವಿಯಲ್ಲೋ ಓಡುವುದಾದರೆ ಇಳಿತದ ಹೊತ್ತಿನಲ್ಲಿ ಗಟ್ಟಿಯಾದ ಒದ್ದೆ ಮರಳಿನ ಮೇಲೆ ಓಡಿರಿ, ಮತ್ತು ದಂಡೆ ಒಂದೇ ಕಡೆಗೆ ವಾಲಿರುವುದರಿಂದ ಹೋದಷ್ಟೇ ದೂರ ಹಿಂದಿರುಗಿರಿ.

ಏರು ಹತ್ತುವ ಅಭ್ಯಾಸಕ್ಕೆ ನಾನು ಎಲ್ಲಕ್ಕಿಂತ ಮೆಚ್ಚುವ ಸ್ಥಳ ಕುಂಜಾರುಗಿರಿ. ಮಧ್ವಾಚಾರ್ಯರು ಹುಟ್ಟಿದ ಪಾಜಕದ ಪಕ್ಕದಲ್ಲಿಯೇ ಈ ದುರ್ಗಾಬೆಟ್ಟವಿದ್ದು, ತಾಯಿ ಕರೆದ ಧ್ವನಿ ಕೇಳಿ ಬಾಲಕ ವಾಸುದೇವ (ಮಧ್ವರ ಬಾಲ್ಯದ ಹೆಸರು) ಬೆಟ್ಟದ ಮೇಲಿಂದ ಒಂದೇ ನೆಗೆತಕ್ಕೆ ಮನೆಗೆ ಇಳಿದನೆಂಬ ಐತಿಹ್ಯ ಅಲ್ಲಿಯದು. ನಾವು ಮಾತ್ರ ಮೆಟ್ಟಿಲು ಮೆಟ್ಟಿಲಾಗಿಯೇ ಹತ್ತಿ ಇಳಿಯಬೇಕಾದವರು. ಭಕ್ತರಿಗೆ ದಾರಿ ಬಿಟ್ಟು, ಬದಿಯಲ್ಲಿ ಬಿರುಸಾಗಿ ಹತ್ತಿ, ದೇವಿಯ ದರ್ಶನ ಮಾಡಿ, ಮೊಣಕಾಲಿನ ಮೇಲೆ ಭಾರ ಬೀಳದಂತೆ ಸಾವಕಾಶವಾಗಿ ಇಳಿದರೆ ಪೂಜೆಯೂ ಅಭ್ಯಾಸವೂ ಒಟ್ಟಿಗೆ ಆಗುತ್ತವೆ. ಡಿಸೆಂಬರ್ ನಡುವಿನಿಂದ ಜನವರಿ ನಡುವಿನವರೆಗಿನ ಧನುರ್ಮಾಸದಲ್ಲಿ ನಮ್ಮ ದೇವಸ್ಥಾನಗಳಲ್ಲಿ ಸೂರ್ಯೋದಯಕ್ಕೆ ಮೊದಲೇ ಪೂಜೆ ನಡೆಯುವುದರಿಂದ, ಹಾಸಿಗೆ ಬಿಡಲು ಕಷ್ಟಪಡುವವರಿಗೆ ಅಭ್ಯಾಸದ ಅತ್ಯಂತ ಕಠಿಣ ತಿಂಗಳು ಇದರಿಂದ ಹಗುರವಾಗುತ್ತದೆ: ಪೂಜೆ ಮುಗಿಸಿ ನೇರವಾಗಿ ಓಟಕ್ಕೆ ಹೊರಡಿರಿ.

ಉಪವಾಸಗಳ ಬಗ್ಗೆ ಎಚ್ಚರ ಬೇಕು. ಕರಾವಳಿಯ ತೇವದ ಗಾಳಿಯಲ್ಲಿ ಬೆವರು ಬೇಗ ಆರುವುದಿಲ್ಲ, ಆದ್ದರಿಂದ ಮೈಯೂ ತಣಿಯುವುದಿಲ್ಲ. ನೀರು ಮತ್ತು ಉಪ್ಪು ಮಾತ್ರ ಹೋಗುತ್ತಲೇ ಇರುತ್ತವೆ. ಏಕಾದಶಿಯಂದು ನೀರನ್ನೂ ಬಿಟ್ಟು ಉಪವಾಸ ಮಾಡುವವರು ಆ ದಿನ ಓಡದಿರುವುದೇ ಒಳ್ಳೆಯದು. ಅಂದು ಭಾನುವಾರವಾದರೆ ಉದ್ದನೆಯ ಓಟವನ್ನು ದ್ವಾದಶಿಯ ಪಾರಣೆಯ ಮರುದಿನಕ್ಕೆ ಸರಿಸಿರಿ. ರಂಜಾನ್ ವ್ರತದಲ್ಲಿರುವವರು ಇಫ್ತಾರ್ ಮುಗಿಸಿ ಒಂದೆರಡು ಗಂಟೆ ಬಿಟ್ಟು ಲಘುವಾಗಿ ಓಡಬಹುದು. ಉಳಿದ ದಿನಗಳಲ್ಲಿ ಓಟದ ನಂತರ ಬೊಂಡ (ಎಳನೀರು), ಉಪ್ಪು ಹಾಕಿದ ಮಜ್ಜಿಗೆ, ಕುಚ್ಚಲಕ್ಕಿ ಗಂಜಿ ಇವೇ ಸಾಕು; ದುಬಾರಿ ಪುಡಿಗಳ ಅಗತ್ಯ ಹೊಸಬರಿಗಿಲ್ಲ. ರಕ್ತದೊತ್ತಡ, ಸಕ್ಕರೆ ಕಾಯಿಲೆ ಅಥವಾ ಹೃದಯದ ತೊಂದರೆ ಇರುವವರು ಸಂಕಲ್ಪಕ್ಕೆ ಮೊದಲೇ ವೈದ್ಯರನ್ನು ಕಾಣಬೇಕು. ಎದೆನೋವು, ತಲೆಸುತ್ತು, ಬಿಸಿಲಿನಲ್ಲಿಯೂ ಚಳಿ ಹುಟ್ಟುವುದು, ಮಾತು ತೊದಲುವುದು ಇವುಗಳಲ್ಲಿ ಯಾವುದು ಕಂಡರೂ ಓಟ ನಿಲ್ಲಿಸಿ ನೆರವು ಕೇಳಿರಿ. ದೇವರು ಕಾಯುತ್ತಾನೆಂದು ಮುಂದೆ ಓಡುವುದು ಭಕ್ತಿಯಲ್ಲ. ಕಾಯಲೆಂದೇ ಅವನು ಕೊಟ್ಟ ಸೂಚನೆಯನ್ನು ಧಿಕ್ಕರಿಸಿದಂತೆ.

ಓಟದ ದಿನ ಮೊದಲ ಮೂರು ಕಿಲೋಮೀಟರ್ ಜನರ ನೂಕಿನಲ್ಲಿ ಎಲ್ಲರೂ ವೇಗ ಹೆಚ್ಚಿಸುತ್ತಾರೆ. ನೀವು ನಾಮವನ್ನು ಸ್ವರವೆತ್ತಿ ಹೇಳಿಕೊಳ್ಳುತ್ತ ಅದಕ್ಕೆ ತಕ್ಕಂತೆಯೇ ಓಡಿರಿ. ಹದಿನೈದನೆಯ ಕಿಲೋಮೀಟರಿನ ನಂತರ ಕಾಲು ಭಾರವಾಗಿ ಹಳೆಯ ಅಂಜಿಕೆ ಮತ್ತೆ ತಲೆಯೆತ್ತಬಹುದು. ಅದಕ್ಕಾಗಿ ಹಿಂದಿನ ರಾತ್ರಿಯೇ ಆರು ಹೆಸರುಗಳನ್ನು ಯೋಚಿಸಿ ಇಟ್ಟುಕೊಳ್ಳಿರಿ: ಕಾಯಿಲೆಯಲ್ಲಿರುವ ನೆಂಟರು, ಪರೀಕ್ಷೆ ಬರೆಯಲಿರುವ ಮಗು, ತೀರಿಹೋದ ಹಿರಿಯರು. ಉಳಿದ ಆರು ಕಿಲೋಮೀಟರುಗಳಲ್ಲಿ ಒಂದೊಂದನ್ನು ಒಬ್ಬೊಬ್ಬರಿಗಾಗಿ ಪ್ರಾರ್ಥಿಸುತ್ತ ಓಡಿದರೆ, ಮನಸ್ಸು ತನ್ನ ನೋವನ್ನೇ ಲೆಕ್ಕ ಹಾಕುತ್ತ ಕೂರುವುದಿಲ್ಲ. ದೂರವೂ ಆರು ಚಿಕ್ಕ ಭಾಗಗಳಾಗುತ್ತದೆ. ಬಹಳ ಬೇಕಾದವರ ಹೆಸರನ್ನು ಕೊನೆಯ ಕಿಲೋಮೀಟರಿಗೆ ಉಳಿಸಿಕೊಳ್ಳಿರಿ.