ಸಿಲ್ವರ್ ಬೊಡ್ಡೆಗೆ ಅಣಬೆ ಬೀಜ

ಮೂಡಿಗೆರೆ ಕಡೆ ಸಿಲ್ವರ್ ಓಕ್ ಮಾರಿದವರಿಗೆ ಈ ತಲೆನೋವು ಗೊತ್ತು. ಟಿಂಬರ್‌ನವರು ನೇರ ಕಾಂಡ ಲಾರಿಗೆ ಹಾಕಿಕೊಂಡು ಹೋಗುತ್ತಾರೆ. ಡೊಂಕು ತುಂಡು, ತುದಿ, ಬೊಡ್ಡೆ ಎಲ್ಲ ತೋಟದಲ್ಲೇ. ಕಾಫಿ ಗಿಡಗಳ ನಡುವೆ ಬೆಂಕಿ ಹಾಕುವ ಹಾಗೂ ಇಲ್ಲ.

ನಾನು ಅವುಗಳಿಗೆ ಚಿಪ್ಪು ಅಣಬೆ ಬೀಜ ತುಂಬುತ್ತೇನೆ. ಮರ ಗಟ್ಟಿಯಾಗಿರುವುದು ಲಿಗ್ನಿನ್ ಎಂಬ ವಸ್ತುವಿನಿಂದ. ಅದನ್ನು ಚೆನ್ನಾಗಿ ಒಡೆಯುವುದು ಬಿಳಿ ಕೊಳೆ ತರುವ ಶಿಲೀಂಧ್ರಗಳು, ಚಿಪ್ಪು ಅಣಬೆ ಆ ಗುಂಪಿನದು. ಸುಮ್ನೆ ಬಿಟ್ಟರೂ ಕೊಳೆಯುತ್ತದೆ, ಅಲ್ವಾ? ಕೊಳೆಯುತ್ತದೆ. ಆದರೆ ಹೊಸ ಬೊಡ್ಡೆಯಲ್ಲಿ ಮೊದಲು ಬಂದವರದ್ದೇ ಜಾಗ, ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದ ಹಾಗೆ. ಕಂದು ಬೇರು ರೋಗದ ಶಿಲೀಂಧ್ರ ಬಂದು ಕೂತರೆ ಬೇರಿನಿಂದ ಬೇರಿಗೆ ದಾಟಿ ಕಾಫಿ ಗಿಡವನ್ನೇ ಒಣಗಿಸುತ್ತದೆ. ಬ್ರಿಟನ್ನಿನ ಪೈನ್ ನೆಡುತೋಪುಗಳಲ್ಲಿ 1960ರ ದಶಕದಿಂದಲೇ ಬೇರು ರೋಗ ತಡೆಯಲು ಆಗತಾನೇ ಕೊಯ್ದ ಬೊಡ್ಡೆಗೆ ಫ್ಲೆಬಿಯಾಪ್ಸಿಸ್ ಎಂಬ ಶಿಲೀಂಧ್ರ ಹಚ್ಚುತ್ತಾರೆ. ಚಿಪ್ಪು ಅಣಬೆ ನಮ್ಮ ರೋಗವನ್ನು ಹಾಗೆ ತಡೆಯುತ್ತದೆ ಎಂದು ನಾನು ಹೇಳುತ್ತಿಲ್ಲ. ಜಾಗ ಖಾಲಿ ಬಿಡುವುದಿಲ್ಲ, ಅಷ್ಟೇ.

ಬೇಸಿಗೆಯ ಕೊನೆಗೆ ಕೊಯ್ದ ಮರಕ್ಕೆ ಮುಂಗಾರು ಹಿಡಿಯುತ್ತಿದ್ದಂತೆ ಬೀಜ ಹಾಕುತ್ತೇನೆ. ಡ್ರಿಲ್ಲಿನಲ್ಲಿ ಅರ್ಧ ಇಂಚಿನ ತೂತು, ಎರಡು ಇಂಚು ಆಳ, ಗೇಣಿಗೊಂದು. ಬೊಡ್ಡೆಯಲ್ಲಿ ತೊಗಟೆಗೆ ಹತ್ತಿರ ಜಾಸ್ತಿ ತೂತು. ಜೋಳದ ಕಾಳಿನ ಮೇಲೆ ಬೆಳೆಸಿದ ಬೀಜವನ್ನು ಒತ್ತಿ ತುಂಬಿ, ಕರಗಿಸಿದ ಜೇನುಮೇಣದಲ್ಲಿ ಬಾಯಿ ಮುಚ್ಚುತ್ತೇನೆ. ಇಲ್ಲದಿದ್ದರೆ ಕಾಳು ಇರುವೆ ಪಾಲು. ಬೀಜ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯಲ್ಲಿ ಸಿಗುತ್ತದೆ.

ನನ್ನ ಪ್ರಕಾರ ಬೀಜಕ್ಕಿಂತ ಮುಖ್ಯ ತೇವ. ತುಂಡುಗಳನ್ನು ಒಂದರ ಮೇಲೊಂದು ಪೇರಿಸಿದರೆ ಮೇಲಿನದು ಒಣಗುತ್ತದೆ, ಒಣಮರದಲ್ಲಿ ಯಾವ ಶಿಲೀಂಧ್ರವೂ ಓಡಾಡುವುದಿಲ್ಲ. ನೆರಳಿನಲ್ಲಿ, ಅರ್ಧ ಮಣ್ಣಿನಲ್ಲಿ ಹೂತು, ಮೇಲೆ ದರಗು ಹೊದಿಸುತ್ತೇನೆ. ಮರುವರ್ಷದ ಮಳೆಗಾಲದಲ್ಲಿ ತೊಗಟೆ ಎಬ್ಬಿಸಿದರೆ ಅಡಿಯಲ್ಲಿ ಬಿಳಿ ಬಲೆ ಕಾಣುತ್ತದೆ. ಸಣ್ಣ ತುಂಡಿಗೆ ಕತ್ತಿಮೊನೆ ಸಲೀಸಾಗಿ ಇಳಿಯುತ್ತದೆ. ಬೊಡ್ಡೆ ಮಾತ್ರ ನಿಧಾನ, ವರ್ಷಗಳ ಲೆಕ್ಕ.

ಅಣಬೆಯೂ ಏಳುತ್ತದೆ, ಆದರೆ ಹುಳುಗಳು ನಮಗಿಂತ ಮೊದಲು ಮುಗಿಸುತ್ತವೆ. ಉಳಿದರೂ ಗುರುತು ಸಿಗದಿದ್ದರೆ ತಿನ್ನಬೇಡಿ. ನಾವು ಹಾಕಿದ್ದು ಒಂದು, ಎದ್ದದ್ದು ಇನ್ನೊಂದು ಇರಬಹುದು.

ಎರಡು ಕಡೆ ಈ ಕೆಲಸ ಬೇಡ. ಬೇರಿಗೆ ಮಣ್ಣು, ಕಲ್ಲು ಗಟ್ಟಿ ಪದರವಾಗಿ ಅಂಟಿದ್ದರೆ ಅಲ್ಲಿ ಕಂದು ಬೇರು ರೋಗ ಇದೆ. ಬೊಡ್ಡೆಯನ್ನು ಬೇರುಸಮೇತ ಕಿತ್ತು ಸುಡಬೇಕು. ಬಿಳಿ ಕಾಂಡಕೊರಕ ಎಂಬ ದುಂಬಿ ಹಿಡಿದ ಅರೇಬಿಕಾ ಕಾಫಿ ಗಿಡಗಳನ್ನೂ ಕಿತ್ತ ಕೂಡಲೇ ಸುಡಬೇಕು. ಬಿಟ್ಟರೆ ಮರ ಕೊಳೆಯುವ ಮೊದಲೇ ದುಂಬಿ ಹೊರಬಂದಿರುತ್ತದೆ.