ಟೆಸ್ಟರ್ ಲೈಟ್ ಹತ್ತಿದರೆ ಸಾಕಾ? ನೆಟ್‌ವರ್ಕ್ ಕೇಬಲ್ ಮಾಡುವುದು, ಪರೀಕ್ಷಿಸುವುದು ಹೇಗೆ

ಗಂಗಾವತಿ, ಕಾರಟಗಿ ಕಡೆಯ ರೈಸ್ ಮಿಲ್‌ಗಳಲ್ಲಿ ಸಣ್ಣದೊಂದು ನೆಟ್‌ವರ್ಕ್ ಇರುವುದು ಈಗ ಹೊಸದೇನಲ್ಲ. ವೇಬ್ರಿಡ್ಜ್ ಹತ್ತಿರ ಒಂದು ಕಂಪ್ಯೂಟರ್, ಆಫೀಸಿನಲ್ಲಿ ಎರಡು, ಒಂದು ಪ್ರಿಂಟರ್, ಗೋದಾಮಿನ ಸುತ್ತ ನಾಲ್ಕಾರು ಕ್ಯಾಮೆರಾ. ಕೊಪ್ಪಳದ ಕೋಚಿಂಗ್ ಸೆಂಟರ್, ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಜಾಗ, ರಾಯಚೂರಿನ ಹತ್ತಿ ವ್ಯಾಪಾರಿಯ ಅಂಗಡಿ, ಎಲ್ಲೆಡೆ ಹೆಚ್ಚುಕಡಿಮೆ ಇಷ್ಟೇ. ಏನಾದರೂ ಕೈಕೊಟ್ಟಾಗ ಎಲ್ಲರೂ ಮೊದಲು ರೂಟರ್ ಆಫ್ ಮಾಡಿ ಆನ್ ಮಾಡುತ್ತಾರೆ. ಆಮೇಲೆ ಕಂಪನಿಗೆ ಫೋನ್. ಗೋಡೆಗುಂಟ ಹೋಗಿರುವ ಕೇಬಲ್ ಕಡೆ ಯಾರೂ ನೋಡುವುದಿಲ್ಲ. ಯಾರಾದರೂ ಟೆಸ್ಟರ್ (ಕೇಬಲ್ಲಿನ ಎರಡೂ ತುದಿಗೆ ಹಚ್ಚುವ, ಲೈಟ್‌ಗಳಿರುವ ಚಿಕ್ಕ ಸಾಧನ) ಹಚ್ಚಿ ನೋಡಿದರೂ ಕೇಳಿಬರುವ ಮಾತು ಒಂದೇ: "ಲೈಟ್ ಹತ್ತತಾವ್ರಿ, ನೆಟ್ ಬರವಲ್ದು."

ಲೈಟ್ ಹತ್ತಿದರೆ ಕೇಬಲ್ಲಿನೊಳಗಿನ ಎಂಟೂ ತಂತಿ ಈ ತುದಿಯಿಂದ ಆ ತುದಿಗೆ ಮುಟ್ಟಿವೆ ಎಂದು ಗೊತ್ತಾಗುತ್ತದೆ. ಅಷ್ಟೇ. ಆ ತಂತಿಗಳ ಮೇಲೆ ಡೇಟಾ ಸರಿಯಾಗಿ ಓಡುತ್ತದಾ ಎನ್ನುವುದು ಬೇರೆ ಪ್ರಶ್ನೆ. ಅದಕ್ಕೇ ಇಲ್ಲಿ ಕೇಬಲ್ ಮಾಡುವುದಕ್ಕಿಂತ ಪರೀಕ್ಷೆಯ ಬಗ್ಗೆ ಸ್ವಲ್ಪ ಜಾಸ್ತಿ ಬರೆದಿದ್ದೇನೆ.

ಮೊದಲು ಅಂಗಡಿಗೆ

ಕ್ಯಾಟ್5ಇ ಅಥವಾ ಕ್ಯಾಟ್6 ಕೇಬಲ್ ಕೇಳಿ. ಇವು ನೆಟ್‌ವರ್ಕ್ ಕೇಬಲ್ಲಿನ ದರ್ಜೆಗಳು, ಕ್ಯಾಟ್6 ಮೇಲಿನದು. ಸಣ್ಣ ಆಫೀಸಿಗೆ ಕ್ಯಾಟ್5ಇ ಸಾಕು, 100 ಮೀಟರ್‌ವರೆಗೆ ಗಿಗಾಬಿಟ್ (ಅಂದರೆ 1000 ಎಂಬಿಪಿಎಸ್) ವೇಗ ಕೊಡುತ್ತದೆ. ಹೊಸದಾಗಿ ಎಳೆಸುತ್ತಿದ್ದರೆ ಕ್ಯಾಟ್6 ಹಾಕಿಸಿ, ಗೋಡೆಯೊಳಗೆ ಹೋದ ಕೇಬಲ್ಲನ್ನು ಯಾರೂ ಪದೇ ಪದೇ ಬದಲಿಸುವುದಿಲ್ಲ ಅಲ್ವಾ? ದೊಡ್ಡ ಬಾಕ್ಸ್‌ನಲ್ಲಿ ಸಾಮಾನ್ಯವಾಗಿ 305 ಮೀಟರ್ ಇರುತ್ತದೆ, ಅಂದರೆ ಸಾವಿರ ಅಡಿ. ಬಿಡಿಯಾಗಿ ಮೀಟರ್ ಲೆಕ್ಕದಲ್ಲೂ ಸಿಗುತ್ತದೆ.

ಹುಷಾರಾಗಿರಬೇಕಾದದ್ದು ಇಲ್ಲಿ. ತೀರಾ ಅಗ್ಗದ ಕೇಬಲ್ ಬಹಳ ಸಲ ಪೂರ್ತಿ ತಾಮ್ರದ್ದಾಗಿರುವುದಿಲ್ಲ. ಒಳಗೆ ಅಲ್ಯೂಮಿನಿಯಂ, ಮೇಲೆ ತಾಮ್ರದ ತೆಳು ಪದರ. ಇದಕ್ಕೆ ಸಿಸಿಎ ಅನ್ನುತ್ತಾರೆ. ಕಣ್ಣಿಗೆ ಎರಡೂ ಒಂದೇ ಥರ. ಒಂದು ತಂತಿಯ ತುದಿಯನ್ನು ಬ್ಲೇಡಿನಿಂದ ಕೆರೆಯಿರಿ. ಕೆಂಪು ಹೋಗಿ ಬೆಳ್ಳಗೆ ಕಂಡರೆ ಅದು ಸಿಸಿಎ, ವಾಪಸ್ ಕೊಡಿ. ಅಂಗಡಿಯವರು "ಎಲ್ಲರೂ ಇದನ್ನೇ ಒಯ್ತಾರ್ರೀ" ಅನ್ನಬಹುದು, ಅನ್ನಲಿ. ಅಲ್ಯೂಮಿನಿಯಂ ತಂತಿಯ ಪ್ರತಿರೋಧ ತಾಮ್ರದ್ದಕ್ಕಿಂತ ಸುಮಾರು ಒಂದೂವರೆ ಪಟ್ಟು. ನಾಲ್ಕು ಸಲ ಬಾಗಿಸಿದರೆ ಮುರಿಯುತ್ತದೆ. ಕ್ಯಾಮೆರಾಗಳಿಗೆ ಕರೆಂಟ್ ಕೂಡ ಇದೇ ಕೇಬಲ್‌ನಲ್ಲಿ ಹೋಗುವ ಪಿಒಇ ವ್ಯವಸ್ಥೆ ಇದ್ದರೆ ಇನ್ನೂ ಕಷ್ಟ: ದೂರದ ಕ್ಯಾಮೆರಾಕ್ಕೆ ವೋಲ್ಟೇಜ್ ಸಾಲದೆ ಅದು ಆಗಾಗ ಬಂದ್ ಆಗುತ್ತದೆ, ಅದರಲ್ಲೂ ರಾತ್ರಿ, ಕ್ಯಾಮೆರಾದ ಇನ್‌ಫ್ರಾರೆಡ್ ಲೈಟ್ ಹತ್ತಿದಾಗ.

ಜೊತೆಗೆ ಬೇಕಾದವು: ಆರ್‌ಜೆ45 ಕನೆಕ್ಟರ್‌ಗಳು (ಕೇಬಲ್ಲಿನ ತುದಿಗೆ ಹಾಕುವ ಪ್ಲಾಸ್ಟಿಕ್ ಪ್ಲಗ್), ಕ್ರಿಂಪಿಂಗ್ ಟೂಲ್ (ಕನೆಕ್ಟರನ್ನು ಒತ್ತಿ ಕೂರಿಸುವ ಇಕ್ಕಳ), ಎರಡು ತುಂಡಿನ ಸಾದಾ ಟೆಸ್ಟರ್, ಒಂದು ಮಲ್ಟಿಮೀಟರ್ (ವೋಲ್ಟೇಜ್, ಪ್ರತಿರೋಧ ಅಳೆಯುವ ಸಾಧನ). ಕನೆಕ್ಟರ್ ಲೆಕ್ಕಕ್ಕಿಂತ ನಾಲ್ಕು ಜಾಸ್ತಿಯೇ ತನ್ನಿ, ಒಮ್ಮೆ ಕ್ರಿಂಪ್ ಮಾಡಿದ್ದು ಮತ್ತೆ ಬಳಕೆಗೆ ಬರುವುದಿಲ್ಲ. ಕ್ಯಾಟ್6 ತಂತಿ ದಪ್ಪ, ಅದಕ್ಕೆ ಕ್ಯಾಟ್6 ಕನೆಕ್ಟರನ್ನೇ ತೆಗೆದುಕೊಳ್ಳಿ. ಒಂದು ಮೀಟರ್, ಎರಡು ಮೀಟರ್‌ನ ಚಿಕ್ಕ ಕೇಬಲ್ ಬೇಕಿದ್ದರೆ ಮಾತ್ರ ನೀವು ಮಾಡಲು ಹೋಗಬೇಡಿ. ಕಾರ್ಖಾನೆಯಲ್ಲಿ ಮಾಡಿದ ರೆಡಿಮೇಡ್ ಪ್ಯಾಚ್ ಕೇಬಲ್ ಒಳ್ಳೆಯದು, ಅದರ ಒಳಗೆ ಸಣ್ಣ ಎಳೆಗಳ ತಂತಿ ಇರುವುದರಿಂದ ಪದೇ ಪದೇ ಬಾಗಿಸಿದರೂ ಬಾಳಿಕೆ ಬರುತ್ತದೆ.

ಹುರಿ ಬಿಚ್ಚುವುದರಲ್ಲೇ ಇದೆ ಎಲ್ಲ

ಕೇಬಲ್ಲಿನ ತುದಿಯಿಂದ ಸುಮಾರು 3 ಸೆಂಟಿಮೀಟರ್ ಮೇಲಿನ ಹೊದಿಕೆ ತೆಗೆಯಿರಿ. ಬ್ಲೇಡನ್ನು ಹಗುರವಾಗಿ ಸುತ್ತ ಆಡಿಸಿ, ಆಮೇಲೆ ಬಾಗಿಸಿ ಕೀಳಿ. ಒತ್ತಿ ಕೊಯ್ದರೆ ಒಳಗಿನ ತಂತಿಗೆ ಗಾಯವಾಗುತ್ತದೆ. ಆ ಗಾಯ ಇವತ್ತು ಕಾಣುವುದಿಲ್ಲ, ಆರು ತಿಂಗಳಾದ ಮೇಲೆ ತಂತಿ ಅಲ್ಲಿಯೇ ತುಂಡಾಗುತ್ತದೆ.

ಒಳಗೆ ನಾಲ್ಕು ಜೋಡಿ: ಕಿತ್ತಳೆ, ಹಸಿರು, ನೀಲಿ, ಕಂದು. ಪ್ರತಿ ಬಣ್ಣದ ತಂತಿಗೆ ಅದೇ ಬಣ್ಣದ ಗೆರೆಯ ಒಂದು ಬಿಳಿ ತಂತಿ ಜೊತೆ. ದೀಪದ ಬತ್ತಿ ಹೊಸೆದ ಹಾಗೆ ಇವೆರಡನ್ನೂ ಹೊಸೆದಿರುತ್ತಾರೆ. ಇದು ಸುಮ್ನೆ ಅಂದಕ್ಕೆ ಮಾಡಿದ್ದಲ್ಲ. ಜೋಡಿಯ ಒಂದು ತಂತಿಯಲ್ಲಿ ಹೋಗುವ ಸಂಕೇತ ಇನ್ನೊಂದರಲ್ಲಿ ಉಲ್ಟಾ ಹೋಗುತ್ತದೆ. ಹೊರಗಿನ ಗದ್ದಲ, ಅಂದರೆ ಮಿಲ್ಲಿನ ಮೋಟರ್‌ದೋ ಪಕ್ಕದ ಜೋಡಿಯದೋ, ಎರಡೂ ತಂತಿಗೆ ಸಮನಾಗಿ ತಾಗುತ್ತದೆ. ಆ ತುದಿಯಲ್ಲಿ ಎರಡರ ವ್ಯತ್ಯಾಸ ತೆಗೆದಾಗ ಗದ್ದಲ ಕಳೆದುಹೋಗಿ ಸಂಕೇತ ಮಾತ್ರ ಉಳಿಯುತ್ತದೆ. ನಾಲ್ಕೂ ಜೋಡಿಯ ಹುರಿ ಒಂದೇ ಅಳತೆಯಲ್ಲಿ ಇರುವುದಿಲ್ಲ, ಬೇಕಾದರೆ ಬಿಚ್ಚಿ ನೋಡಿ. ಒಂದು ಜೋಡಿ ಇನ್ನೊಂದಕ್ಕೆ ತೊಂದರೆ ಕೊಡಬಾರದು ಎಂದೇ ಹಾಗೆ ಮಾಡಿರುತ್ತಾರೆ.

ಹಾಗಾಗಿ ಕನೆಕ್ಟರ್ ಹಾಕಲು ಎಷ್ಟು ಬೇಕೋ ಅಷ್ಟೇ ಹುರಿ ಬಿಚ್ಚಬೇಕು. ಕೆಲಸ ಮುಗಿದಾಗ ಬಿಚ್ಚಿದ ಭಾಗ 13 ಮಿಲಿಮೀಟರ್ ದಾಟಬಾರದು, ಅಂದರೆ ಅರ್ಧ ಇಂಚು. ಮೊದಲು 3 ಸೆಂಟಿಮೀಟರ್ ತೆಗೆದದ್ದು ಕೈಗೆ ಹಿಡಿತ ಸಿಗಲಿ ಎಂದು ಮಾತ್ರ, ಆಮೇಲೆ ಅದನ್ನು ಕತ್ತರಿಸುತ್ತೇವೆ.

ಈಗ ಬಣ್ಣಗಳ ಸಾಲು. ಟಿ568ಬಿ ಎನ್ನುವ ಕ್ರಮವನ್ನೇ ನಮ್ಮಲ್ಲಿ ಹೆಚ್ಚಿನವರು ಬಳಸುತ್ತಾರೆ. ಕನೆಕ್ಟರ್‌ನ ಕ್ಲಿಪ್ ಆ ಕಡೆಗೆ, ಚಿನ್ನದ ಬಣ್ಣದ ಪಿನ್‌ಗಳು ನಿಮ್ಮ ಕಡೆಗೆ, ಕೇಬಲ್ ಕೆಳಗಿನಿಂದ ಬರುವಂತೆ ಹಿಡಿದರೆ ಎಡಗಡೆಯದ್ದು ಒಂದನೇ ಪಿನ್. ಅಲ್ಲಿಂದ ಹೀಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿ 3 ಮತ್ತು 6ರಲ್ಲಿ ಕೂರುವುದನ್ನು ನೋಡಿ. ನೀಲಿ ಜೋಡಿ ಅದರ ನಡುವೆ ಇರುತ್ತದೆ. ಎಡವಟ್ಟಾಗುವುದು ಇಲ್ಲೇ, ಮುಂದೆ ಹೇಳುತ್ತೇನೆ.

ಟಿ568ಎ ಎಂದರೆ ಕಿತ್ತಳೆ ಇದ್ದಲ್ಲಿ ಹಸಿರು, ಹಸಿರು ಇದ್ದಲ್ಲಿ ಕಿತ್ತಳೆ. ಎರಡೂ ತುದಿಗೆ ಒಂದೇ ಕ್ರಮ ಇದ್ದರೆ ಯಾವುದಾದರೂ ನಡೆಯುತ್ತದೆ. ಒಂದು ತುದಿ ಎ, ಇನ್ನೊಂದು ತುದಿ ಬಿ ಮಾಡಿದರೆ ಕ್ರಾಸ್ ಕೇಬಲ್. ಮೊದಲು ಎರಡು ಕಂಪ್ಯೂಟರನ್ನು ನೇರವಾಗಿ ಜೋಡಿಸಲು ಅದು ಬೇಕಾಗುತ್ತಿತ್ತು. ಈಗಿನ ಗಿಗಾಬಿಟ್ ಪೋರ್ಟ್‌ಗಳು ತಾವೇ ಹೊಂದಿಸಿಕೊಳ್ಳುತ್ತವೆ, ತಲೆಕೆಡಿಸಿಕೊಳ್ಳಬೇಡಿ.

ಎಂಟೂ ತಂತಿ ನೇರ ಮಾಡಿ, ಸಾಲಾಗಿ ಒತ್ತಿ ಹಿಡಿದು, ಹೊದಿಕೆಯಿಂದ ಸುಮಾರು ಅರ್ಧ ಇಂಚು ಬಿಟ್ಟು ಒಂದೇ ಏಟಿಗೆ ಸಮನಾಗಿ ಕತ್ತರಿಸಿ. ಕನೆಕ್ಟರ್‌ಗೆ ತೂರಿಸಿ. ಮುಂದಿನಿಂದ ನೋಡಿದರೆ ಎಂಟು ತಾಮ್ರದ ಚುಕ್ಕೆ ಕಾಣಬೇಕು. ಏಳು ಕಂಡರೆ ಹೊರಗೆ ತೆಗೆದು ಮತ್ತೆ ಹಾಕಿ. ಹಿಂದೆ ಕೇಬಲ್ಲಿನ ಹೊದಿಕೆ ಕೂಡ ಕನೆಕ್ಟರ್ ಒಳಗೆ ಬಂದಿರಬೇಕು, ಕ್ರಿಂಪ್ ಮಾಡಿದಾಗ ಒಳಗಿನ ಪ್ಲಾಸ್ಟಿಕ್ ತುಂಡು ಹೊದಿಕೆಯನ್ನು ಕಚ್ಚಿ ಹಿಡಿಯುತ್ತದೆ. ಹೊದಿಕೆ ಹೊರಗೇ ಉಳಿದು ಬಣ್ಣದ ತಂತಿಗಳು ಕಾಣುತ್ತಿದ್ದರೆ, ಎಳೆತವೆಲ್ಲ ಕೂದಲಿನಂಥ ತಂತಿಗಳ ಮೇಲೇ ಬೀಳುತ್ತದೆ. ಕ್ರಿಂಪಿಂಗ್ ಟೂಲನ್ನು ಪೂರ್ತಿ ಒತ್ತಿ. ಆಮೇಲೆ ಮೆಲ್ಲಗೆ ಎಳೆದು ನೋಡಿ.

ಟೆಸ್ಟರ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ದೊಡ್ಡ ತುಂಡು ಒಂದು ತುದಿಗೆ, ಚಿಕ್ಕದು ಇನ್ನೊಂದಕ್ಕೆ. ಆನ್ ಮಾಡಿದರೆ 1ರಿಂದ 8ರವರೆಗೆ ಲೈಟ್ ಒಂದೊಂದಾಗಿ ಎರಡೂ ಕಡೆ ಹತ್ತಬೇಕು. ನೀವು ನೋಡಬೇಕಾದದ್ದು ಚಿಕ್ಕ ತುಂಡನ್ನು. ಅದರಲ್ಲಿ ಒಂದು ಲೈಟ್ ಹತ್ತದಿದ್ದರೆ ಆ ತಂತಿ ಮುಟ್ಟಿಲ್ಲ. ಸಾಲು ಹಿಂದುಮುಂದಾದರೆ ಬಣ್ಣ ಅದಲುಬದಲಾಗಿದೆ. ಎರಡು ಲೈಟ್ ಒಟ್ಟಿಗೆ ಹತ್ತಿದರೆ, ಅಥವಾ ಎರಡು ಮಂಕಾದರೆ, ತಂತಿಗಳು ಒಂದಕ್ಕೊಂದು ತಾಗಿರಬಹುದು. ಜಿ ಎಂಬ ಒಂಬತ್ತನೇ ಲೈಟ್ ಹತ್ತಲಿಲ್ಲ ಎಂದು ಗಾಬರಿಯಾಗಬೇಡಿ, ಅದು ಲೋಹದ ಕವಚ ಇರುವ ಕೇಬಲ್‌ಗೆ ಮಾತ್ರ. ಇನ್ನೊಂದು ಮಾತು: ನೆಟ್‌ವರ್ಕ್ ಸ್ವಿಚ್‌ಗೆ (ಹಲವು ಕೇಬಲ್ ಒಂದೆಡೆ ಸೇರುವ ಪೆಟ್ಟಿಗೆ) ಹಾಕಿದ್ದ ಕೇಬಲ್ಲನ್ನು ಅಲ್ಲಿಂದ ತೆಗೆದೇ ಟೆಸ್ಟರ್ ಹಚ್ಚಿ. ಪಿಒಇ ಪೋರ್ಟಿನಲ್ಲಿ ಕರೆಂಟ್ ಇದ್ದರೆ ಟೆಸ್ಟರ್ ಸುಟ್ಟುಹೋಗಬಹುದು.

ಈಗ ಆ ಎಡವಟ್ಟಿನ ವಿಷಯ. ಒಬ್ಬರು ಬಣ್ಣದ ಕ್ರಮ ನೆನಪಿಟ್ಟುಕೊಳ್ಳದೆ ಜೋಡಿಗಳನ್ನು ಅಕ್ಕಪಕ್ಕ ಸಾಲಾಗಿ ಕೂರಿಸುತ್ತಾರೆ: ಕಿತ್ತಳೆ ಜೋಡಿ, ಹಸಿರು ಜೋಡಿ, ನೀಲಿ ಜೋಡಿ, ಕಂದು ಜೋಡಿ. ಎರಡೂ ತುದಿಗೆ ಹಾಗೇ. ಟೆಸ್ಟರ್‌ನಲ್ಲಿ 1ರಿಂದ 8 ಚೆಂದವಾಗಿ ಹತ್ತುತ್ತವೆ, ಯಾಕೆಂದರೆ ಒಂದನೆಯದು ಒಂದಕ್ಕೆ, ಎಂಟನೆಯದು ಎಂಟಕ್ಕೆ ಹೋಗಿದೆ. ಆದರೆ ಕಂಪ್ಯೂಟರ್ 3 ಮತ್ತು 6ನ್ನು ಒಂದು ಜೋಡಿಯಾಗಿ ಬಳಸುತ್ತದೆ, ಇಲ್ಲಿ 3 ಹಸಿರು ಜೋಡಿಯದು, 6 ನೀಲಿಯದು. ಹೊಸೆದ ಹುರಿಯ ಲಾಭವೇ ಹೋಯಿತು. ಎರಡು ಮೀಟರ್ ಇದ್ದರೆ ನಡೆದೀತು. ನಲವತ್ತು ಮೀಟರ್ ಆದಾಗ ನೆಟ್ ಕುಂಟುತ್ತದೆ, ಇಲ್ಲವೇ ಬರುವುದೇ ಇಲ್ಲ. ಟೆಸ್ಟರ್‌ಗೆ ಇದು ಗೊತ್ತಾಗುವ ದಾರಿಯೇ ಇಲ್ಲ. ಆದ್ದರಿಂದ ಲೈಟ್ ನೋಡುವ ಮೊದಲು ಎರಡೂ ಕನೆಕ್ಟರ್‌ಗಳ ಬಣ್ಣವನ್ನು ಕಣ್ಣಿಂದ ಓದಿ.

ಎರಡನೇ ಪರೀಕ್ಷೆ ಮಲ್ಟಿಮೀಟರ್‌ದು. ಕನೆಕ್ಟರ್ ಹಾಕುವ ಮೊದಲೇ ಮಾಡಿದರೆ ಸುಲಭ. ಒಂದು ತುದಿಯಲ್ಲಿ ನೀಲಿ ಮತ್ತು ಬಿಳಿ-ನೀಲಿ ತಂತಿಯನ್ನು ಸುಲಿದು ಒಟ್ಟಿಗೆ ಹೊಸೆಯಿರಿ, ಇನ್ನೊಂದು ತುದಿಯಲ್ಲಿ ಅದೇ ಎರಡರ ನಡುವೆ ಓಮ್, ಅಂದರೆ ಪ್ರತಿರೋಧ, ಅಳೆಯಿರಿ. ಅಸಲಿ ತಾಮ್ರದ 24 ಗೇಜ್ (ತಂತಿಯ ದಪ್ಪದ ಅಳತೆ, ನಂಬರ್ ಕಡಿಮೆಯಾದಷ್ಟೂ ದಪ್ಪ) ಕ್ಯಾಟ್5ಇ ಕೇಬಲ್ 50 ಮೀಟರ್ ಇದ್ದರೆ ಸುಮಾರು 8ರಿಂದ 9 ಓಮ್ ತೋರಿಸಬೇಕು. 23 ಗೇಜ್‌ನ ಕ್ಯಾಟ್6 ಆದರೆ ಸುಮಾರು 7. ಗೇಜ್ ಎಷ್ಟು ಎಂದು ಕೇಬಲ್ ಮೇಲೆಯೇ ಅಚ್ಚಾಗಿರುತ್ತದೆ. ಮಲ್ಟಿಮೀಟರ್ 12, 13 ಓಮ್ ತೋರಿಸಿದರೆ ಅದು ಅಲ್ಯೂಮಿನಿಯಂ, ಡಬ್ಬದ ಮೇಲೆ ಏನೇ ಬರೆದಿರಲಿ.

ಮೂರನೆಯದು ನಿಜವಾದ ಓಟ. ಕೇಬಲ್ಲನ್ನು ಗಿಗಾಬಿಟ್ ಸ್ವಿಚ್‌ಗೂ ಕಂಪ್ಯೂಟರಿಗೂ ಹಾಕಿ. ವಿಂಡೋಸ್‌ನಲ್ಲಿ ಈಥರ್‌ನೆಟ್ ಸ್ಟೇಟಸ್ ತೆರೆದರೆ ವೇಗ 1.0 ಜಿಬಿಪಿಎಸ್ ಎಂದಿರಬೇಕು. 100 ಎಂಬಿಪಿಎಸ್ ಎಂದು ಬಂದರೆ, ಎರಡೂ ಕಡೆಯ ಪೋರ್ಟ್ ಗಿಗಾಬಿಟ್ ಆಗಿದ್ದರೆ, ಕೇಬಲ್ ಮೇಲೆ ಅನುಮಾನ ಪಡಿ. 100 ಎಂಬಿಪಿಎಸ್‌ಗೆ 1, 2, 3, 6ನೇ ತಂತಿಗಳು ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಅಂದರೆ ನೀಲಿಯಲ್ಲೋ ಕಂದಿನಲ್ಲೋ ಏನೋ ಸಡಿಲ ಇದೆ. ಆಮೇಲೆ ಒಂದು ದೊಡ್ಡ ಫೈಲನ್ನು ಈ ಕೇಬಲ್ ಮೂಲಕ ಇನ್ನೊಂದು ಕಂಪ್ಯೂಟರಿಗೆ ಕಾಪಿ ಮಾಡಿ. ಗಿಗಾಬಿಟ್ ಆದರೆ ಸೆಕೆಂಡಿಗೆ 100 ಎಂಬಿ (ಮೆಗಾಬೈಟ್, ಎಂಬಿಪಿಎಸ್‌ನ ಮೆಗಾಬಿಟ್ ಅಲ್ಲ) ಹತ್ತಿರ ಹೋಗಬೇಕು, ಹಳೆಯ ಹಾರ್ಡ್ ಡಿಸ್ಕ್ ಇದ್ದರೆ ಸ್ವಲ್ಪ ಕಡಿಮೆ. 11, 12ಕ್ಕೇ ನಿಂತರೆ ನೀವು 100 ಎಂಬಿಪಿಎಸ್‌ನಲ್ಲಿ ಓಡುತ್ತಿದ್ದೀರಿ. ಕಾಪಿ ನಡೆಯುವಾಗಲೇ ಇನ್ನೊಂದು ಕಿಟಕಿಯಲ್ಲಿ ರೂಟರ್‌ಗೆ ಪಿಂಗ್ (ಪುಟ್ಟ ಡೇಟಾ ಪ್ಯಾಕೆಟ್ ಕಳಿಸಿ ಉತ್ತರ ಬರುತ್ತದಾ ಎಂದು ನೋಡುವ ಕಮಾಂಡ್) ಹಾಕಿ ಹತ್ತು ನಿಮಿಷ ಬಿಡಿ. ಒಂದೇ ಸ್ವಿಚ್‌ನ ಒಳಗೆ ಪ್ಯಾಕೆಟ್ ಪದೇ ಪದೇ ಕಳೆದುಹೋಗಲು ಕಾರಣವೇ ಇಲ್ಲ. ಪಿಂಗ್ ನಡೆಯುವಾಗ ಎರಡೂ ತುದಿಯ ಕನೆಕ್ಟರನ್ನು ಬೆರಳಿನಿಂದ ಮೆಲ್ಲಗೆ ಅಲ್ಲಾಡಿಸಿ, ಆಗ ಉತ್ತರ ತಪ್ಪಿದರೆ ಆ ತುದಿಯನ್ನು ಕತ್ತರಿಸಿ ಹೊಸದು ಹಾಕಿ.

ವೇಗ, ಗದ್ದಲ ಎಲ್ಲ ಅಳೆದು ಸರ್ಟಿಫಿಕೇಟ್ ಕೊಡುವ ಯಂತ್ರಗಳೂ ಇವೆ, ಬೆಲೆ ಲಕ್ಷಗಟ್ಟಲೆ. ನೂರಾರು ಪಾಯಿಂಟ್ ಹಾಕಿಸುವವರು ಗುತ್ತಿಗೆದಾರರಿಂದ ಆ ವರದಿ ಕೇಳಿ ಪಡೆಯಲಿ. ಎಂಟು-ಹತ್ತು ಕೇಬಲ್‌ಗೆ ಮೇಲಿನ ಮೂರು ಪರೀಕ್ಷೆ ಸಾಕು.

ನಮ್ಮ ಬಿಸಿಲು, ನಮ್ಮ ಧೂಳು

ಪುಸ್ತಕದ 100 ಮೀಟರ್ ಲೆಕ್ಕವೆಂದರೆ 90 ಮೀಟರ್ ಗೋಡೆಯ ಕೇಬಲ್, ಉಳಿದದ್ದು ಪ್ಯಾಚ್ ಕೇಬಲ್. ಅದೂ 20 ಡಿಗ್ರಿ ಉಷ್ಣತೆಯಲ್ಲಿ. ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಬಿಸಿಲು 40 ದಾಟುತ್ತದೆ, ತಗಡಿನ ಶೆಡ್ಡಿನ ಕೆಳಗೆ ಇನ್ನೂ ಜಾಸ್ತಿ. ತಂತಿ ಬಿಸಿಯಾದಷ್ಟೂ ಸಂಕೇತ ಸೊರಗುತ್ತದೆ. 20ರಿಂದ 40 ಡಿಗ್ರಿವರೆಗೆ ಪ್ರತಿ ಡಿಗ್ರಿಗೆ ಶೇ 0.4ರಷ್ಟು ಉದ್ದ ಕಡಿಮೆ ಮಾಡಬೇಕು, 40 ದಾಟಿದ ಮೇಲೆ ಪ್ರತಿ ಡಿಗ್ರಿಗೆ ಶೇ 0.6. ಹಾಗಾಗಿ ತಗಡಿನ ಕೆಳಗೆ 70-75 ಮೀಟರ್‌ಗೆ ನಿಲ್ಲಿಸುವುದು ಲೇಸು. ಬೆಳಿಗ್ಗೆ ಪಾಸಾದ ಉದ್ದನೆಯ ಕೇಬಲ್ಲನ್ನು ಮಧ್ಯಾಹ್ನ ಮೂರಕ್ಕೆ ಇನ್ನೊಮ್ಮೆ ಪಿಂಗ್ ಹಾಕಿ ನೋಡಿ.

ಹೊರಗೆ ಎಳೆಯುವುದಿದ್ದರೆ ಬಿಸಿಲು ತಡೆಯುವ ಕಪ್ಪು ಹೊದಿಕೆಯ ಔಟ್‌ಡೋರ್ ಕೇಬಲ್ ಕೇಳಿ. ಒಳಗೆ ಹಾಕುವ ಬೂದು, ನೀಲಿ ಕೇಬಲ್ ಬಿಸಿಲಿಗೆ ಒಣಗಿ ಬಿರುಕು ಬಿಡುತ್ತದೆ. ಭತ್ತ ಇರುವಲ್ಲಿ ಇಲಿ ಇದ್ದೇ ಇರುತ್ತದೆ, ಪೈಪಿನೊಳಗೆ ಹಾಕಿ. ಆದರೆ ಕರೆಂಟಿನ ವೈರ್ ಇರುವ ಪೈಪಿನಲ್ಲಿ ಬೇಡವೇ ಬೇಡ, ಅದು ಜೀವಕ್ಕೂ ಅಪಾಯ. ಮೋಟರ್ ವೈರ್‌ಗಳ ಪಕ್ಕದಲ್ಲೇ ಉದ್ದಕ್ಕೂ ಓಡಿಸಬೇಡಿ, ದಾಟಲೇಬೇಕಾದರೆ ಅಡ್ಡವಾಗಿ ನೇರಕ್ಕೆ ದಾಟಿಸಿ. ಖಾಲಿ ಪೋರ್ಟ್‌ಗಳಿಗೆ ಧೂಳಿನ ಮುಚ್ಚಳ ಹಾಕಿ, ಮಿಲ್ಲಿನ ತೌಡು ಎಲ್ಲೆಲ್ಲಿಗೋ ಹೋಗಿ ಕೂರುತ್ತದೆ.

ಗೇಟಿನ ಹತ್ತಿರದ ವೇಬ್ರಿಡ್ಜ್‌ನಿಂದ ಆಫೀಸಿಗೆ ಬಯಲಲ್ಲಿ ತಾಮ್ರದ ಕೇಬಲ್ ಎಳೆಯಬೇಡಿ ಎನ್ನುವುದು ನನ್ನ ಸಲಹೆ, ದೂರ 60 ಮೀಟರೇ ಇರಲಿ. ಸಿಡಿಲು ಹತ್ತಿರದಲ್ಲಿ ಬಿದ್ದರೆ ಸಾಕು, ಆ ಉದ್ದನೆಯ ತಂತಿಯಲ್ಲಿ ಬರುವ ಏಟಿಗೆ ಎರಡೂ ಕಡೆಯ ಪೋರ್ಟ್ ಸುಡುತ್ತವೆ. ಲೋಹದ ತಂತಿ ಇಲ್ಲದ ಫೈಬರ್ ಕೇಬಲ್, ಎರಡು ತುದಿಗೆ ಒಂದೊಂದು ಮೀಡಿಯಾ ಕನ್ವರ್ಟರ್ (ತಾಮ್ರದ ಕೇಬಲ್ಲಿನ ಸಂಕೇತವನ್ನು ಬೆಳಕಾಗಿ, ಬೆಳಕನ್ನು ಮತ್ತೆ ಸಂಕೇತವಾಗಿ ಬದಲಿಸುವ ಪೆಟ್ಟಿಗೆ), ಇಷ್ಟು ಹಾಕಿ. ಫೈಬರ್‌ನಲ್ಲಿ ಹೋಗುವುದು ಬೆಳಕು, ಅದಕ್ಕೆ ಸಿಡಿಲಿನ ಕಾಟ ಇಲ್ಲ, ಮೋಟರಿನ ಗದ್ದಲವೂ ಇಲ್ಲ. ಅದರ ಜೋಡಣೆ ಮಾತ್ರ ಮನೆಯಲ್ಲಿ ಆಗುವುದಲ್ಲ, ಕೇಬಲ್ ಟಿವಿಯವರ ಹತ್ತಿರ ಫೈಬರ್ ತುದಿಗಳನ್ನು ಬೆಸೆಯುವ ಸ್ಪ್ಲೈಸಿಂಗ್ ಯಂತ್ರ ಇರುತ್ತದೆ, ಅವರನ್ನೇ ಕರೆಸಿ.

ಕೆಲಸ ಮುಗಿದ ಮೇಲೆ ಕೇಬಲ್ಲಿನ ಎರಡೂ ತುದಿಗೆ ಒಂದೇ ನಂಬರ್ ಬರೆದ ಟೇಪ್ ಸುತ್ತಿ. ಟೆಸ್ಟರ್‌ನ ಬ್ಯಾಟರಿ ತೆಗೆದಿಡಿ, ಹಾಗೇ ಬಿಟ್ಟರೆ ಸೋರುತ್ತದೆ. ಬ್ಯಾಟರಿ ಸೊರಗಿದ್ದರೂ ಲೈಟ್ ಮಂಕಾಗಿ ಹತ್ತುತ್ತದೆ, ಆಗ ಕೇಬಲ್ಲನ್ನು ಬೈಯುವ ಮೊದಲು ಹೊಸ ಬ್ಯಾಟರಿ ಹಾಕಿ ನೋಡಿ.